ತಂದೆಗಾಗಿ ಮಗುವಿನ ಕೈಯ ಬಣ್ಣದ ಕಾಣಿಕೆ

(ತಾಯಂದಿರಿಗೂ ಚಿಕ್ಕ ಮಕ್ಕಳ ಉಪಾಧ್ಯಾಯರಿಗೂ ಒಂದು ಪಾಠ)

ಚಿಕ್ಕ ಮಕ್ಕಳು ತಮ್ಮ ತಂದೆಗೆ ಸ್ವಂತ ಕೈಯಿಂದ ಒಂದು ಬಣ್ಣದ ಕಾಣಿಕೆಯನ್ನು ಮಾಡಿ ಕೊಡುವದಕ್ಕೆ ದೊಡ್ಡವರು ಹೇಗೆ ಸಹಾಯ ಮಾಡತಕ್ಕದ್ದೆಂಬದೇ ಈ ತಿಂಗಳ ಪಾಠವು. ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಮಾತು ಇನ್ನೂ ತುಂಬಿ ಬಾರದ ವಯಸ್ಸಿನಲ್ಲಿ ಮಗುವು ತನ್ನ ಪ್ರೀತಿಯನ್ನು ಕೈಯಿಂದ ಹೇಳುತ್ತದೆ. ಆ ಕೈಯನ್ನು ನಾವೇ ಹಿಡಿದು ನಡಿಸಿದರೆ ಆ ಮಾತು ನಮ್ಮದಾಗುವದೇ ಹೊರತು ಮಗುವಿನದಾಗುವದಿಲ್ಲ. ಈ ಪಾಠದಲ್ಲಿ ನೆನಪಿಡತಕ್ಕ ಮುಖ್ಯ ಸಂಗತಿಯು ಇದೇ.

1. ಕಾಣಿಕೆಯ ಕಾಲ

ಜೂನ್ ತಿಂಗಳ ಮೂರನೆಯ ಭಾನುವಾರವನ್ನು ಅನೇಕ ದೇಶಗಳಲ್ಲಿ ತಂದೆಯರ ದಿನವೆಂದು ಆಚರಿಸುತ್ತಾರೆ. ಅಮೇರಿಕಾ ದೇಶದ ಸ್ಪೋಕೇನ್ ಪಟ್ಟಣದಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಸ್ತ್ರೀಯು ಇದನ್ನು ಆರಂಭಿಸಿದಳು. ಆಕೆಯ ತಾಯಿಯು ತೀರಿಕೊಂಡ ಬಳಿಕ ತಂದೆಯೇ ಮಕ್ಕಳನ್ನು ಸಾಕಿದ್ದನು. ಆತನ ಉಪಕಾರವನ್ನು ನೆನಸಿ ಆಕೆಯು ಪ್ರಯತ್ನಪಟ್ಟದ್ದರಿಂದ 1910ನೆಯ ಇಸವಿಯ ಜೂನ್ 19ರಂದು ಆ ಪಟ್ಟಣದಲ್ಲಿ ಮೊದಲನೆಯ ಆಚರಣೆಯು ನಡೆಯಿತು. 1972ರಲ್ಲಿ ಆ ದೇಶದ ಸರಕಾರವು ಇದನ್ನು ಕಾಯಿದೆಯಿಂದ ಸ್ಥಿರಪಡಿಸಿತು.

ಭಾಲ್ಕಿ ತಾಲೂಕಿನ ಸಾಯಗಾಂವದ ಕಡೆಯ ಹಳ್ಳಿಗಳಲ್ಲಿ ಈ ದಿನದ ಹೆಸರನ್ನು ಕೇಳದವರು ಇರಬಹುದು. ಆದರೆ ಆ ಕಾಲವನ್ನು ಅರಿಯದವರಿಲ್ಲ. ಅದು ಮೃಗಶಿರಾ ಮಳೆಯ ಕಾಲ. ತೊಗರಿ, ಉದ್ದು, ಹೆಸರು, ಸೋಯಾ ಬಿತ್ತುವ ಕಾಲ. ಕಾರ ಹುಣ್ಣಿಮೆಯೂ ಹೆಚ್ಚಾಗಿ ಅದೇ ತಿಂಗಳಲ್ಲಿ ಬರುವದು. ರೈತನು ಎತ್ತುಗಳ ಮೈ ತೊಳೆದು ಕೊಂಬುಗಳಿಗೆ ಬಣ್ಣ ಹಚ್ಚುವದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ದುಡಿಯುವ ಪಶುವಿಗೆ ಬಣ್ಣದಿಂದ ಮರ್ಯಾದೆ ಮಾಡುವದನ್ನು ಕಂಡ ಮಗುವಿಗೆ, ದುಡಿಯುವ ತಂದೆಗೂ ಬಣ್ಣದಿಂದ ಮರ್ಯಾದೆ ಮಾಡಬಹುದೆಂದು ತಿಳಿಸುವದು ಕಷ್ಟವಲ್ಲ. ಸ್ವಂತ ಹೊಲವಾಗಲಿ ಎತ್ತಾಗಲಿ ಇಲ್ಲದೆ ಕೂಲಿಗೆ ಹೋಗುವ ತಂದೆಗೂ ಈ ಮರ್ಯಾದೆಯು ಸಲ್ಲತಕ್ಕದ್ದು.

2. ಮನೆಯಲ್ಲಿರುವ ಬಣ್ಣಗಳು

ಬಿತ್ತನೆಯ ತಿಂಗಳಲ್ಲಿ ಮನೆಯಲ್ಲಿ ಹಣವು ಉಳಿಯುವದಿಲ್ಲ. ಬೀಜ ಗೊಬ್ಬರಗಳಿಗೆ ಸಾಲ ಮಾಡುವ ದಿನಗಳವು. ಆದಕಾರಣ ಪೇಟೆಯಿಂದ ಬಣ್ಣ ತರಬೇಕೆಂದು ಯಾರೂ ಚಿಂತಿಸಬಾರದು. ಅಡಿಗೆಯ ಮನೆಯಲ್ಲಿಯೂ ಅಂಗಳದಲ್ಲಿಯೂ ಸಾಕಷ್ಟು ಬಣ್ಣಗಳಿವೆ.

ಹಳದಿ: ಒಂದು ಚಿಕ್ಕ ಚಮಚ ಅರಿಸಿನವನ್ನು ಅರ್ಧ ಲೋಟ ನೀರಿನಲ್ಲಿ ಕುದಿಸಿ ಆರಿಸಬೇಕು. ಅರಿಸಿನ ಕೊಂಬನ್ನು ಮನೆಯಲ್ಲಿಯೇ ಕುಟ್ಟಿದ್ದಾದರೆ ಉತ್ತಮ. ಯಾಕಂದರೆ ಮಾರುವ ಪುಡಿಗೆ ಕೆಲವರು ಸೀಸವುಳ್ಳ ಹಳದಿ ಬಣ್ಣವನ್ನು ಬೆರೆಸುವದುಂಟು, ಸೀಸವು ಮಕ್ಕಳಿಗೆ ವಿಷವಾಗಿದೆ.

ಕೆಂಪು: ಕೆಮ್ಮಣ್ಣನ್ನು ಪುಡಿಮಾಡಿ ತೆಳು ಬಟ್ಟೆಯಲ್ಲಿ ಸೋಸಿ ಗಂಜಿಯಲ್ಲಿ ಕಲಸಬೇಕು. ಬೀದರ ಪಟ್ಟಣದ ಸುತ್ತಲಿನ ಎತ್ತರದ ನೆಲವೆಲ್ಲಾ ಇಂಥ ಕೆಂಪು ಮಣ್ಣೇ. ಅದರಲ್ಲಿರುವ ಕಬ್ಬಿಣದ ಅಂಶವು ತುಕ್ಕು ಹಿಡಿದದ್ದರಿಂದ ಆ ಬಣ್ಣವುಂಟಾಗಿದೆ. ಈ ಬಣ್ಣವು ಬಿಸಿಲಿಗೆ ಮಾಸುವದಿಲ್ಲ. ಬೀಟ್ರೂಟಿನ ರಸವೂ ಕೆಂಪೇ. ಆದರೆ ಅದು ಬೇಗನೆ ಕಂದುವದು.

ಕಪ್ಪು: ಒಲೆಯ ಇದ್ದಲಿಯನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿದರೆ ಸಾಕು. ಹೊಲದ ಎರೆ ಮಣ್ಣಿನಿಂದ ಬೂದು ಬಣ್ಣವು ಬರುವದು.

ಹಸುರು: ಪಾಲಕ ಸೊಪ್ಪನ್ನು ಜಜ್ಜಿ ಹಿಂಡಿದ ರಸ. ಇದೂ ಕೆಲವು ದಿನಗಳಲ್ಲಿ ಮಂಕಾಗುವದು.

ಗಂಜಿಗೆ ಒಂದು ಹಿಡಿ ಅಕ್ಕಿ ಇಲ್ಲವೆ ಗೋದಿಯ ಹಿಟ್ಟು ಸಾಕು. ಮಳೆಗಾಲದಲ್ಲಿ ಅದು ಬೇಗ ಹುಳಿಯುವದರಿಂದ ಅದೇ ದಿನ ಕಾಯಿಸಿ ಅದೇ ದಿನ ಉಪಯೋಗಿಸತಕ್ಕದ್ದು. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿದರೆ ಒಳ್ಳೇ ಕುಂಚವಾಗುವದು. ಬೆಂಡೆಕಾಯಿಯನ್ನು ಅಡ್ಡವಾಗಿ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಮೂಡುವದು.

ಎಚ್ಚರಿಕೆ: ಎತ್ತಿನ ಕೊಂಬಿಗೆ ಹಚ್ಚುವ ಡಬ್ಬಿಯ ಎಣ್ಣೆ ಬಣ್ಣವನ್ನು ಮಗುವಿನ ಅಂಗೈಗೆ ಎಂದಿಗೂ ಹಚ್ಚಬಾರದು, ಅದು ನೀರಿನಿಂದ ಹೋಗದು, ಸೀಮೆ ಎಣ್ಣೆಯಿಂದ ತಿಕ್ಕಿದರೆ ಎಳೆಯ ಚರ್ಮವು ಉರಿಯುವದು. ಸುಣ್ಣವೂ ಮಕ್ಕಳ ಕೈಗೆ ಸಿಕ್ಕಬಾರದು; ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

3. ಮಾಡುವ ಕ್ರಮ

ಒಂದು ಬಿಳಿ ಕಾಗದವನ್ನು ತೆಗೆದುಕೊಳ್ಳಿರಿ. ಒಂದೇ ಕಡೆ ಬರೆದ ಹಾಳೆಯಾದರೂ ಆದೀತು. ಅದಕ್ಕೆ ಅರಿಸಿನದ ನೀರನ್ನು ಬಟ್ಟೆಯಿಂದ ಸವರಿ ನೆರಳಿನಲ್ಲಿ ಒಣಗಿಸಿರಿ. ಬಿಸಿಲು ಬೇಡ, ಅರಿಸಿನವು ಬಿಸಿಲಿಗೆ ಬಿಳಿಚಿಕೊಳ್ಳುವದು. ಬಳಿಕ ಒಂದು ಚಿಕ್ಕ ಚಮಚ ಅಡಿಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕದಡಿ, ಬೇವಿನ ಕುಂಚವನ್ನು ಮಗುವಿನ ಕೈಗೆ ಕೊಟ್ಟು, ಆ ನೀರಿನಿಂದ ಹಳದಿ ಕಾಗದದ ಮೇಲೆ ಗೆರೆ ಎಳೆಯುವದಕ್ಕೆ ಹೇಳಿರಿ. ಬಣ್ಣವಿಲ್ಲದ ನೀರು ತಾಗಿದಲ್ಲೆಲ್ಲಾ ಹಳದಿಯು ಕೆಂಪಾಗಿ ತಿರುಗುವದು. ಅರಿಸಿನದ ಕಲೆಗೆ ಸಾಬೂನು ಹಚ್ಚಿದಾಗ ಅದು ಕೆಂಪಾಗುವದನ್ನು ತಾಯಂದಿರೆಲ್ಲರೂ ಬಲ್ಲರು; ಕಾರಣವು ಒಂದೇ. ಅರಿಸಿನದೊಳಗಿನ ಬಣ್ಣವು ಕ್ಷಾರವು ತಾಗಿದರೆ ಕೆಂಪಾಗುವದು, ಲಿಂಬೆಯ ಹುಳಿ ತಾಗಿದರೆ ತಿರಿಗಿ ಹಳದಿಯಾಗುವದು. ಮಕ್ಕಳು ಇದನ್ನು ನೋಡಿ ಬಹಳ ಸಂತೋಷಪಡುವರು.

ಕಾಗದವು ಒಣಗಿದ ಮೇಲೆ ಅದನ್ನು ಎರಡಾಗಿ ಮಡಚಿ, ಒಳಗಡೆ ಕೆಮ್ಮಣ್ಣಿನ ಬಣ್ಣದಿಂದ ಮಗುವಿನ ಅಂಗೈಯ ಗುರುತನ್ನು ಒತ್ತಿಸಿರಿ. ತಂದೆಯ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದರೆ ಒಳ್ಳೇದು.

ಎಲ್ಲಾ ಮಕ್ಕಳಿಂದ ಒಂದೇ ಕೆಲಸವನ್ನು ಕೇಳಬಾರದು. ಎರಡು ವರುಷದ ಕೂಸು ಗೀಚುವದು, ಅಂಗೈ ಒತ್ತುವದು, ಅಷ್ಟೇ ಸಾಕು. ಸುಮಾರು ಮೂರು ವರುಷಕ್ಕೆ ಮಗುವು ಸುತ್ತು ಗೆರೆಯನ್ನು ಎಳೆಯಬಲ್ಲದು. ನಾಲ್ಕು ವರುಷದ ಹೊತ್ತಿಗೆ ಆ ಸುತ್ತಿಗೆ ಕಣ್ಣುಗಳೂ ಕಾಲುಗಳೂ ಬಂದು ಅದು ಅಪ್ಪನಾಗುವದು. ಹೊಟ್ಟೆಯಿಲ್ಲದೆ ತಲೆಯಿಂದಲೇ ಕಾಲು ಹೊರಟಿದ್ದರೂ ಅದು ತಪ್ಪಲ್ಲ. ಲೋಕದ ಎಲ್ಲಾ ಕಡೆಗಳಲ್ಲಿಯೂ ಆ ವಯಸ್ಸಿನ ಮಕ್ಕಳು ಹಾಗೆಯೇ ಬರೆಯುತ್ತಾರೆ. ಆರು ಏಳು ವರುಷದವರು ತಂದೆಯ ಹೆಸರನ್ನೂ ತಮ್ಮ ಹೆಸರನ್ನೂ ಬರೆಯಲಿ.

4. ದೊಡ್ಡವರು ಎಲ್ಲಿ ನಿಲ್ಲತಕ್ಕದ್ದು

ಬಣ್ಣ ಕಲಸುವದು, ಬಿಸಿ ಪಾತ್ರೆಯನ್ನು ಇಳಿಸುವದು, ಕತ್ತರಿ ಹಿಡಿಯುವದು, ಕೈ ತೊಳೆಯುವದು ದೊಡ್ಡವರ ಕೆಲಸ. ಕಾಗದದ ಮೇಲೆ ಏನು ಬರಬೇಕೆಂಬದು ಮಗುವಿನ ಕೆಲಸ. ಗೆರೆಯು ಸೊಟ್ಟಗಿದೆಯೆಂದು ನಾವು ತಿದ್ದಬಾರದು. ಸೂರ್ಯನಿಗೆ ಕಪ್ಪು ಹಚ್ಚಿದರೆ ಹಚ್ಚಲಿ. ಒಂದು ಮಗುವಿನ ಕಾಗದವನ್ನು ಎತ್ತಿ ತೋರಿಸಿ, ಇದೇ ಎಲ್ಲಕ್ಕಿಂತ ಚೆನ್ನಾಗಿದೆಯೆಂದು ಉಪಾಧ್ಯಾಯರು ಹೇಳಿದರೆ ಉಳಿದ ಮಕ್ಕಳು ತಮ್ಮ ಕಾಗದಗಳನ್ನು ಮುದುರಿ ಬಿಸಾಡುವರು. ಅವರ ಪ್ರೀತಿಗೆ ಕಡಿಮೆ ಅಂಕ ಬಿದ್ದಂತಾಯಿತು. ಕಾಣಿಕೆಗೆ ಪರೀಕ್ಷೆ ಇಲ್ಲ.

5. ತಂದೆಯು ಮನೆಯಲ್ಲಿಲ್ಲದ ಮಕ್ಕಳು

ಈ ಭಾಗವನ್ನು ಉಪಾಧ್ಯಾಯರು ಎರಡು ಸಾರಿ ಓದಲೆಂದು ನಮ್ಮ ಬೇಡಿಕೆ. ಭಾಲ್ಕಿ, ಔರಾದ ತಾಲೂಕುಗಳಿಂದ ಎಷ್ಟೋ ಮಂದಿ ತಂದೆಯರು ಹೈದರಾಬಾದಿಗೂ ಪುಣೆಗೂ ಕೆಲಸಕ್ಕೆ ಹೋಗಿದ್ದಾರೆ. ಅಂಥವರ ಮಕ್ಕಳ ಕಾಗದವನ್ನು ಆ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸಬಹುದು, ಇಲ್ಲವೆ ಲಕೋಟೆಯಲ್ಲಿ ಹಾಕಿ ಟಪಾಲಿಗೆ ಕೊಡಬಹುದು. ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವದು ಸುಲಭವೇ. ಆದರೂ ಕಾಗದವನ್ನೇ ಕಳುಹಿಸಿರಿ. ಮಗುವಿನ ಅಂಗೈ ಒತ್ತಿದ ಊರ ಮಣ್ಣು ಆ ತಂದೆಯ ಕೈ ಸೇರುವದು.

ತಂದೆಯು ತೀರಿಕೊಂಡ ಮಕ್ಕಳಿರುವರು. ತಂದೆಯ ಕುಡಿತದ ದೆಸೆಯಿಂದ ಆತನ ಹೆಸರು ಕೇಳಿದರೇ ಬೆದರುವ ಮಕ್ಕಳೂ ಇರುವರು. ಇವರನ್ನು ಎಲ್ಲರ ಮುಂದೆ ಏನೂ ಕೇಳಬಾರದು. ಮೊದಲೇ ಅವರ ತಾಯಿಯ ಸಂಗಡ ಏಕಾಂತವಾಗಿ ಮಾತಾಡಿ, ಮಗುವು ಅಜ್ಜನಿಗೋ ಸೋದರಮಾವನಿಗೋ ತಾಯಿಗೋ ತನ್ನ ಮನಸ್ಸು ಒಪ್ಪಿದವರಿಗೆ ಮಾಡುವಂತೆ ಬಿಡತಕ್ಕದ್ದು. ತೀರಿಹೋದ ತಂದೆಗಾಗಿಯೇ ಮಾಡುತ್ತೇನೆಂದು ಮಗುವು ಹೇಳಿದರೆ ತಡೆಯಬೇಡಿರಿ. ಅದನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಿರಿ. ಯಾವ ಮಗುವೂ ಬರಿಗೈಯಲ್ಲಿ ಕೂತು ಉಳಿದವರನ್ನು ನೋಡುವಂತಾಗಬಾರದು.

6. ತಂದೆಯರಿಗೆ ಒಂದು ಮಾತು

ದಿನವೆಲ್ಲಾ ಬಿತ್ತಿ ದಣಿದು ಬಂದ ತಂದೆಯ ಮುಂದೆ ಮಗುವು ಈ ಕಾಗದವನ್ನು ಹಿಡಿದು ನಿಲ್ಲುವದು. ಆ ಗಳಿಗೆಯಲ್ಲಿ ಆತನು ಮಾಡುವದನ್ನು ಮಗುವು ಬಹುಕಾಲ ಮರೆಯದು. ಸಹೋದರರೇ, ಮೊದಲು ಕೈ ತೊಳೆದುಕೊಂಡು ಎರಡೂ ಕೈಗಳಿಂದ ಅದನ್ನು ತೆಗೆದುಕೊಳ್ಳಿರಿ. "ಏನಿದು, ಕಾಗೆಯೋ ಗುಬ್ಬಿಯೋ?" ಎಂದು ಕೇಳಿ ನಗಬೇಡಿರಿ. "ಇದರಾಗ ಏನೇನು ಬರೆದೀ, ಹೇಳವ್ವಾ", "ಹೇಳಪ್ಪಾ" ಎನ್ನಿರಿ. ಮಗುವು ತಾನೇ ಎಲ್ಲವನ್ನೂ ವಿವರಿಸುವದು. ಅದರ ಬೆನ್ನ ಮೇಲೆ ಕೂಲಿಯ ಲೆಕ್ಕ ಬರೆಯಬೇಡಿರಿ, ಬೀಡಿ ಹಚ್ಚುವದಕ್ಕೆ ಹರಿಯಬೇಡಿರಿ. ಮಳೆಯ ನೀರು ತಾಗದ ಕಡೆ ಗೋಡೆಗೆ ಅಂಟಿಸಿರಿ. ಹಳದಿಯು ಕಾಲಕ್ರಮದಲ್ಲಿ ಮಾಸುವದು. ಆದರೆ ಕೆಮ್ಮಣ್ಣಿನಲ್ಲಿ ಒತ್ತಿದ ಚಿಕ್ಕ ಅಂಗೈಯು ಆ ಮಗುವು ನಿಮ್ಮ ಹೆಗಲಿನಷ್ಟು ಬೆಳೆದಾಗಲೂ ಹಾಗೆಯೇ ಇರುವದು.

ಆಲೋಚನೆಗೆ ಪ್ರಶ್ನೆಗಳು

1. ಮಗುವಿನ ಗೆರೆಯನ್ನು ನಾವು ತಿದ್ದಿದರೆ ಕಾಣಿಕೆಯು ಯಾರದಾಗುವದು?
2. ನಮ್ಮ ಊರಿನಲ್ಲಿ ತಂದೆಯು ದೂರವಿರುವ, ಇಲ್ಲವೆ ತಂದೆಯಿಲ್ಲದ ಮಕ್ಕಳು ಯಾರು? ಅವರಿಗಾಗಿ ಮೊದಲೇ ಏನು ಏರ್ಪಡಿಸುವೆವು?
3. ನಮ್ಮ ಮಕ್ಕಳು ಕೊಟ್ಟ ಹಿಂದಿನ ಕಾಣಿಕೆಯು ಈಗ ಎಲ್ಲಿದೆ?