ಇಂಡಕ್ಷನ್ ಒಲೆ ಕೋಡ್ ತೋರಿಸಿ ನಿಂತರೆ ಏನು ಮಾಡಬೇಕು?

ಒಗ್ಗರಣೆ ಚಟಪಟ ಎನ್ನುವ ಹೊತ್ತಿಗೆ ಇಂಡಕ್ಷನ್ ಒಲೆ ಕೀಂ ಕೀಂ ಎಂದು ಕೂಗಿ, ಇ0 ಎಂದೋ ಇ3 ಎಂದೋ ತೋರಿಸಿ ನಿಂತುಬಿಡುತ್ತದೆ. ಪ್ಲಗ್ ಕಿತ್ತು ಮತ್ತೆ ಹಾಕಿ ನೋಡುತ್ತೇವೆ. ಆಗಲೂ ಅದೇ ಕೋಡ್ ಬಂದರೆ ಒಲೆ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೊರಡುತ್ತೇವೆ. ಸ್ವಲ್ಪ ತಡೆಯಿರಿ. ಒಲೆ ತನಗೆ ಅಪಾಯವಾಗದಂತೆ ತಾನೇ ಕೆಲಸ ನಿಲ್ಲಿಸಿಕೊಂಡಾಗಲೂ ಕೋಡ್ ಬರುತ್ತದೆ. ಕಾರಣ ಪಾತ್ರೆಯಲ್ಲಿರಬಹುದು, ಗೋಡೆಯ ಸಾಕೆಟ್‌ನಲ್ಲಿರಬಹುದು, ಒಲೆಯಡಿ ಹಾಸಿದ ಪೇಪರ್‌ನಲ್ಲೂ ಇರಬಹುದು. ಇಷ್ಟನ್ನು ಮನೆಯವರೇ ನೋಡಿಕೊಳ್ಳಬಹುದು.

ಮೊದಲು ಕೋಡ್ ಬರೆದಿಟ್ಟುಕೊಳ್ಳಿ ಅಥವಾ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಸ್ವಿಚ್ ಆರಿಸಿ ಹತ್ತು ನಿಮಿಷ ಬಿಡಿ. ಕೋಡ್‌ಗಳ ಅರ್ಥ ಎಲ್ಲ ಒಲೆಗಳಿಗೂ ಒಂದೇ ಅಲ್ಲ. ಒಂದು ಕಂಪನಿಯ ಇ3 ವೋಲ್ಟೇಜ್ ಹೆಚ್ಚಾಗಿದೆ ಎಂದರೆ, ಇನ್ನೊಂದರ ಇ3 ಶಾಖ ಅಳೆಯುವ ಸೆನ್ಸರ್ ಕೆಟ್ಟಿದೆ ಎನ್ನಬಹುದು. ಹಾಗಾಗಿ ಪಕ್ಕದ ಮನೆಯವರ ಒಲೆಯ ಅನುಭವವನ್ನು ನಂಬಿ ಮುಂದುವರಿಯಬೇಡಿ. ಒಲೆಯ ಜೊತೆ ಬಂದ ಪುಸ್ತಕದಲ್ಲಿ ಕೋಡ್‌ಗಳ ಪಟ್ಟಿ ಇರುತ್ತದೆ. ಅದು ಕಳೆದುಹೋಗಿದ್ದರೆ ಒಲೆಯ ಅಡಿಯ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ನಂಬರ್ ಕೊಟ್ಟು ಕಂಪನಿಯ ಗ್ರಾಹಕ ಸೇವೆಯವರನ್ನು ಕೇಳಿ. ಅಂಕಿ ಯಾವುದೇ ಇರಲಿ, ಸಾಮಾನ್ಯವಾಗಿ ಬರುವ ದೂರುಗಳು ಕೆಲವೇ: ಪಾತ್ರೆ ಸರಿಯಿಲ್ಲ, ವೋಲ್ಟೇಜ್ ಸರಿಯಿಲ್ಲ, ಒಲೆ ಅತಿಯಾಗಿ ಕಾದಿದೆ, ಸೆನ್ಸರ್ ಕೆಟ್ಟಿದೆ.

ಪಾತ್ರೆ ನೋಡಿ

ಗಾಜಿನ ಕೆಳಗಿನ ತಂತಿಯ ಸುರುಳಿಯಲ್ಲಿ ಕರೆಂಟ್ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರ ಕಾಂತಶಕ್ತಿಯಿಂದ ಪಾತ್ರೆಯ ತಳವೇ ಕಾಯುತ್ತದೆ. ಇದಕ್ಕೆ ಅಯಸ್ಕಾಂತ ಹಿಡಿಯುವ ತಳ ಬೇಕು. ಹಿತ್ತಾಳೆ, ತಾಮ್ರ, ಸಾದಾ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಒಲೆಯ ಲೆಕ್ಕದಲ್ಲಿ ಪಾತ್ರೆ ಇಟ್ಟೇ ಇಲ್ಲ. ಹಲವು ಮಾದರಿಗಳಲ್ಲಿ ಇ0 ಎಂದರೆ ಇದೇ. ಸ್ಟೀಲ್ ಪಾತ್ರೆಗಳಲ್ಲೂ ಎಲ್ಲವೂ ಆಗುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಒಬ್ಬರಿಗೆ ಕಾಫಿ ಕಾಯಿಸುವ ಪುಟ್ಟ ಪಾತ್ರೆಯನ್ನೂ ಒಲೆ ಗುರುತಿಸದೆ ಇರಬಹುದು. ತಳ ಸುಮಾರು 12 ಸೆಂಟಿಮೀಟರ್ ಅಗಲ ಇದ್ದರೆ ಒಳ್ಳೆಯದು. ಹಳೆಯ ಕುಕ್ಕರಿನ ತಳ ಉಬ್ಬಿದ್ದರೂ ಇದೇ ತೊಂದರೆ.

ದೋಸೆ ಕಾವಲಿಯದು ಬೇರೆಯೇ ಕಥೆ. ಖಾಲಿ ಕಾವಲಿಯನ್ನು ಪೂರ್ತಿ ಪವರ್‌ನಲ್ಲಿಟ್ಟು ಹಿಟ್ಟು ಕಲಸಲು ಹೋದರೆ, ಹಿಂತಿರುಗುವಷ್ಟರಲ್ಲಿ ಒಲೆ ನಿಂತಿರುತ್ತದೆ. ಗಾಜಿಗೆ ಕೆಳಗಿನಿಂದ ಒತ್ತಿಕೊಂಡಿರುವ ಸೆನ್ಸರ್ ಅತಿ ಶಾಖವನ್ನು ಕಂಡು ಕೆಲಸ ನಿಲ್ಲಿಸುತ್ತದೆ. ತೆಳು ಕಾವಲಿಯಾದರೆ ಸೊಟ್ಟಗೂ ಆಗುತ್ತದೆ. ಮಧ್ಯಮ ಪವರ್‌ನಲ್ಲಿ ನಿಧಾನವಾಗಿ ಕಾಯಿಸಿ.

ಪ್ಲಗ್, ಸಾಕೆಟ್, ವೋಲ್ಟೇಜ್

2000 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್‌ಗೆ ಇದನ್ನು ತಾಳುವ ಶಕ್ತಿ ಇಲ್ಲ. ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಅಡುಗೆ ಮುಗಿದು ಸ್ವಿಚ್ ಆರಿಸಿದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಕೈಗೆ ಸುಡುವಂತಿದ್ದರೆ, ಸಾಕೆಟ್‌ನ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಹಿಡಿತ ಸಡಿಲವಾಗಿದೆ ಎಂದರ್ಥ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಸಾಕೆಟ್ ಬದಲಾಯಿಸುವವರೆಗೆ ಅಲ್ಲಿ ಒಲೆ ಹಚ್ಚಬೇಡಿ.

ಮಧ್ಯಾಹ್ನ ಸರಿಯಾಗಿ ನಡೆದ ಒಲೆ ಸಂಜೆ ಮಾತ್ರ ನಿಲ್ಲುತ್ತದೆಯೇ? ಆ ಹೊತ್ತಿಗೆ ಸೀಲಿಂಗ್ ಫ್ಯಾನ್ ನಿಧಾನವಾಗುತ್ತದೆಯೇ ನೋಡಿ. ಹಾಗಿದ್ದರೆ ವೋಲ್ಟೇಜ್ ಇಳಿದಿದೆ. ಟಿವಿಗೆ ಹಾಕುವ ಸಣ್ಣ ಸ್ಟೆಬಿಲೈಸರ್ ಈ ಭಾರ ಹೊರುವುದಿಲ್ಲ, ಅದಕ್ಕೆ ಜೋಡಿಸಬೇಡಿ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, 1912ಕ್ಕೆ ಕರೆಮಾಡಿ ದೂರು ಕೊಡಿ.

ಒಲೆಗೂ ಉಸಿರಾಡಲು ಜಾಗ ಬೇಕು

ಹತ್ತು ಹದಿನೈದು ನಿಮಿಷ ಚೆನ್ನಾಗಿ ಉರಿದು ಆಮೇಲೆ ನಿಲ್ಲುವ ಒಲೆಯಲ್ಲಿ ಮೊದಲು ಗಾಳಿಯನ್ನು ಅನುಮಾನಿಸಿ. ಮೇಜಿನ ಮೇಲಿಡುವ ಒಲೆಯ ಅಡಿಯಲ್ಲಿ ಒಂದು ಫ್ಯಾನ್ ಇದೆ. ಅದು ಕೆಳಗಿನಿಂದ ಗಾಳಿ ಎಳೆದು, ಬಿಸಿಗಾಳಿಯನ್ನು ಹಿಂದಿನಿಂದಲೋ ಪಕ್ಕದಿಂದಲೋ ಹೊರಹಾಕುತ್ತದೆ. ಕಟ್ಟೆ ಕೊಳೆಯಾಗದಿರಲಿ ಎಂದು ನಾವು ಒಲೆಯಡಿ ಹಾಸುವ ಪೇಪರ್, ಪ್ಲಾಸ್ಟಿಕ್ ಶೀಟು ಆ ಗಾಳಿಯ ಸೆಳೆತಕ್ಕೆ ಮೇಲೆದ್ದು ಜಾಲರಿಗೆ ಅಂಟಿಕೊಳ್ಳುತ್ತದೆ. ಅದನ್ನು ತೆಗೆದುಬಿಡಿ. ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿಡಿ. ಉರಿಯುವ ಗ್ಯಾಸ್ ಒಲೆಯ ಮಗ್ಗುಲಲ್ಲಿ ಇಡಬೇಡಿ, ಅದರ ಬಿಸಿಯನ್ನೇ ಈ ಫ್ಯಾನ್ ಒಳಗೆಳೆಯುತ್ತದೆ.

ಫ್ಯಾನ್ ತಿರುಗುತ್ತಿದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಒಲೆ ಚಾಲೂ ಇರುವಾಗ ಬಿಸಿಗಾಳಿ ಬರುವ ಕಡೆ ತೆಳು ಕಾಗದದ ಚೂರೊಂದನ್ನು ಹಿಡಿಯಿರಿ, ಅದು ಪಟಪಟ ಅಲುಗಬೇಕು. ಅಲುಗದಿದ್ದರೆ ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ ಒಲೆಯನ್ನು ಮಗುಚಿ ನೋಡಿ. ಎಣ್ಣೆಯ ಜಿಡ್ಡು, ಧೂಳು, ಹಿಟ್ಟು ಸೇರಿ ಜಾಲರಿಯಲ್ಲಿ ಕಂಬಳಿಯಂತೆ ಕಟ್ಟಿಕೊಂಡಿರುತ್ತದೆ. ಒಣಗಿದ ಹಳೆಯ ಟೂತ್‌ಬ್ರಷ್‌ನಿಂದ ಹೊರಗಿನಿಂದಲೇ ತಿಕ್ಕಿ ತೆಗೆಯಿರಿ. ನೀರು ಸೋಕಿಸಬೇಡಿ. ಆಮೇಲೂ ಕಾಗದ ಅಲುಗದಿದ್ದರೆ ರಿಪೇರಿಯೇ ಬೇಕು. ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸವನ್ನೂ ಬಿಡಿ. ಒಳಗಿನ ಶಾಖ ಇಳಿಸಲು ಫ್ಯಾನ್ ಇನ್ನಷ್ಟು ಹೊತ್ತು ತಿರುಗಬೇಕು.

ಈ ಬೆಚ್ಚನೆಯ ಗೂಡನ್ನು ಹುಡುಕಿಕೊಂಡು ಜಿರಲೆಗಳೂ ಬರುತ್ತವೆ. ಒಳಗಿನ ಬೋರ್ಡಿನ ಮೇಲೆ ಓಡಾಡಿ ಶಾರ್ಟ್ ಮಾಡುತ್ತವೆ. ಉಕ್ಕಿದ ಹಾಲು, ಚೆಲ್ಲಿದ ಸಾರನ್ನು ರಾತ್ರಿಯವರೆಗೆ ಬಿಡದೆ ಆಗಿಂದಾಗಲೇ ಒರೆಸಿ.

ಬಟನ್ ಮುಟ್ಟಿದರೂ ಒಲೆ ಕೇಳದಿದ್ದರೆ ಗಾಜು ಒದ್ದೆಯಾಗಿರಬಹುದು, ಒಣಬಟ್ಟೆಯಿಂದ ಒರೆಸಿ. ಬೀಗದ ಗುರುತು ಕಂಡರೆ ಚೈಲ್ಡ್ ಲಾಕ್ ಬಿದ್ದಿದೆ. ಸಾಮಾನ್ಯವಾಗಿ ಆ ಬಟನ್ನನ್ನೇ ಕೆಲವು ಸೆಕೆಂಡ್ ಒತ್ತಿಹಿಡಿದರೆ ಬಿಡುತ್ತದೆ. ಪಾತ್ರೆಯಿಂದ ಗುಂಯ್ ಎಂಬ ಸದ್ದು ಬಂದರೆ ಹೆದರಬೇಡಿ, ತಳದ ಲೋಹ ಕಂಪಿಸುವ ಸದ್ದು ಅದು.

ಇಲ್ಲಿ ಕೈಹಾಕಬೇಡಿ

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂದೇ ಒಲೆ ನಿಲ್ಲಿಸಿ. ಬಿರುಕಿನಿಂದ ಇಳಿದ ನೀರು ನೇರ ಕರೆಂಟಿನ ಮೇಲೆ ಬೀಳುತ್ತದೆ. ಸ್ಟೀಲ್ ಪಾತ್ರೆ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿಗೆ ವೈರ್ ಇಲ್ಲದಿರುವುದೂ ಉಂಟು. ಸ್ವಿಚ್ ಹಾಕುತ್ತಲೇ ಎಂಸಿಬಿ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಒಳಗಿನ ಫ್ಯೂಸ್ ಹೋಗಿದ್ದರೆ ಅದರ ಹಿಂದೆ ಬೇರೆ ಭಾಗ ಸುಟ್ಟಿರುವ ಸಂಭವವೇ ಹೆಚ್ಚು. ಆಗ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ, ತಂತಿ ಸುತ್ತಿದರೆ ಬೆಂಕಿಗೆ ದಾರಿ.

ತಿರುಪು ಬಿಚ್ಚುವ ಆಸೆ ಯಾರಿಗೂ ಬೇಡ. ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್‌ವರೆಗೆ ಚಾರ್ಜ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ನಿಂತಿರಬಹುದು.

ಮೆಕ್ಯಾನಿಕ್ ಬಂದಾಗ ‘ಒಲೆ ಹತ್ತುತ್ತಿಲ್ಲ’ ಎಂದಷ್ಟೇ ಹೇಳದೆ ಕೋಡ್ ತೋರಿಸಿ. ಸ್ವಿಚ್ ಹಾಕಿದ ಕೂಡಲೇ ಬಂತೋ, ಕಾದ ಮೇಲೆ ಬಂತೋ ಹೇಳಿ. ಒಲೆ ತಣ್ಣಗಿರುವಾಗಲೇ ಅತಿ ಶಾಖದ ಕೋಡ್ ಬಂದರೆ ಅನುಮಾನ ಸೆನ್ಸರ್ ಮೇಲೆ, ಕಾದ ಮೇಲೆ ಬಂದರೆ ಫ್ಯಾನ್ ಮೇಲೆ. ವಾರಂಟಿ ಇದ್ದರೆ ಹೊರಗಿನವರಿಂದ ಬಿಚ್ಚಿಸಬೇಡಿ, ಬಿಲ್ ಹುಡುಕಿ ಕಂಪನಿಯ ಸರ್ವಿಸ್ ಸೆಂಟರ್‌ಗೇ ಒಯ್ಯಿರಿ. ವಾರಂಟಿ ಇದ್ದೂ ಅವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.