ಹಳೆಯ ಲಾರಿ ಎಂಜಿನ್ನಿನ ಹೆಡ್ ಕೆಲಸ: ಯಾವ ಭಾಗ ಸುಧಾರಿಸಬೇಕು, ಯಾವುದು ಬೇಡ

ಹಳೆಯ ಲಾರಿಯ ಎಂಜಿನ್ ಬಿಚ್ಚಿ ಕಟ್ಟುವಾಗ ಖರ್ಚಿನ ಬಹುಪಾಲು ಲೈನರ್, ಪಿಸ್ಟನ್, ಬೇರಿಂಗ್‌ಗಳಿಗೆ ಹೋಗುತ್ತದೆ. ಹೆಡ್ಡಿನ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ ಕೂರಿಸುವ ಕೆಲಸವಷ್ಟೆ. ಹೊಸ ಪಿಸ್ಟನ್ ಹಾಕಿದ ಎಂಜಿನ್ ಕೆಲವೇ ತಿಂಗಳಲ್ಲಿ ಮತ್ತೆ ಹೊಗೆ ಬಿಟ್ಟು ಸೊರಗುವುದಕ್ಕೆ ಇದೂ ಒಂದು ಕಾರಣ.

ಪುಣೆ–ಹೈದರಾಬಾದ್ ನಡುವಿನ ಹೆದ್ದಾರಿ 65ರಲ್ಲಿ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಮತ್ತು ಹುಮನಾಬಾದ್ ಲಾರಿಗಳು ನಿಲ್ಲುವ, ರಿಪೇರಿಯಾಗುವ ಜಾಗಗಳು. ಇಲ್ಲಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಲಾರಿ ತುಂಬಿದ ಹೊರೆಯೊಂದಿಗೆ ಹೊಲದ ದಾರಿಯಲ್ಲಿ ಕೆಳಗಿನ ಗೇರಿನಲ್ಲೇ ಏಗಬೇಕು. ಗಾಳಿಯಲ್ಲಿ ಧೂಳು, ಎಂಜಿನ್ ಮೇಲೆ ಭಾರ, ಎಕ್ಸಾಸ್ಟಿನಲ್ಲಿ ಕಾವು ಈ ಮೂರೂ ಒಟ್ಟಿಗೆ ಬಂದಾಗ ಪೆಟ್ಟು ಬೀಳುವುದು ವಾಲ್ವ್, ಸೀಟ್ ಮತ್ತು ಗೈಡ್‌ಗಳಿಗೆ.

ಹಳೆಯ ಟಾಟಾ ಲಾರಿಗಳಲ್ಲಿ ಹೆಚ್ಚು ಓಡಿದ್ದು 692 ಮತ್ತು 697 ಎಂಜಿನ್‌ಗಳು. ಮೊದಲ ಅಂಕಿ ಸಿಲಿಂಡರ್‌ಗಳ ಸಂಖ್ಯೆ, ಉಳಿದೆರಡು ಬೋರಿನ ಅಳತೆ: 92 ಅಥವಾ 97 ಮಿ.ಮೀ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಮಾಡಿಕೊಂಡ ಒಪ್ಪಂದದಿಂದ ಬಂದ ವಂಶ ಇದು. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದು, ಟ್ಯಾಪೆಟ್, ಪುಶ್‌ರಾಡ್, ರಾಕರ್ ಮೂಲಕ 12 ವಾಲ್ವ್‌ಗಳನ್ನು ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 20 ಸಲ ತೆರೆದು ಮುಚ್ಚುತ್ತದೆ. ಗವರ್ನರ್ ಎಂಜಿನ್ನಿನ ಸುತ್ತುಗಳನ್ನು 3,000ದೊಳಗೇ ಹಿಡಿದಿಡುವುದರಿಂದ ಹೆಚ್ಚು ಎತ್ತುವ ಕ್ಯಾಮ್, ಗಡಸು ಸ್ಪ್ರಿಂಗ್‌ಗಳಿಂದ ಲಾಭವಿಲ್ಲ. ಗಡಸು ಸ್ಪ್ರಿಂಗ್ ಕ್ಯಾಮ್ ಮತ್ತು ಟ್ಯಾಪೆಟ್ಟಿನ ಮುಖವನ್ನೇ ಬೇಗ ತಿನ್ನುತ್ತದೆ. ಈ ಎಂಜಿನ್‌ಗಳಲ್ಲಿ ಸುಧಾರಣೆ ಎಂದರೆ ಕಾವು ಮತ್ತು ಸವೆತ ತಡೆಯುವ ಲೋಹ. ಅಳತೆಗಳೆಲ್ಲ ಮೂಲದವೇ ಇರಬೇಕು.

ಹಣ ಹಾಕಬೇಕಾದ ಮೊದಲ ಭಾಗ ಎಕ್ಸಾಸ್ಟ್ ವಾಲ್ವ್. ಇನ್‌ಲೆಟ್‌ಗೆ ಸಿಲಿಕಾನ್–ಕ್ರೋಮ್ ಉಕ್ಕು ಸಾಕು. ಒಳಬರುವ ಗಾಳಿಯಿಂದ ಅದು ತಂಪಾಗುತ್ತಿರುತ್ತದೆ. ಎಕ್ಸಾಸ್ಟಿಗೆ ಶೇ 21ರಷ್ಟು ಕ್ರೋಮಿಯಂ, ಶೇ 4ರ ಆಸುಪಾಸು ನಿಕ್ಕೆಲ್ ಇರುವ 21–4ಎನ್ ಉಕ್ಕು ತಾಳುತ್ತದೆ. ಸೀಟಿಗೆ ತಾಗುವ ಅಂಚಿಗೆ ಸ್ಟೆಲೈಟ್ ಲೇಪವಿದ್ದರೆ ಬಾಳಿಕೆ ಇನ್ನೂ ಹೆಚ್ಚು. ಈ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಎರಡು ಲೋಹ ಬೆಸೆದ ವಾಲ್ವ್‌ನಲ್ಲಿ ಕಾಂಡಕ್ಕೆ ಅಂಟುತ್ತದೆ, ತಲೆಗೆ ಅಂಟುವುದಿಲ್ಲ. ಅಂಗಡಿಯಲ್ಲಿ ಈ ಉಕ್ಕಿನದೆಂದು ಕೊಟ್ಟ ವಾಲ್ವ್‌ನ ತಲೆ ಅಯಸ್ಕಾಂತವನ್ನು ಬಲವಾಗಿ ಹಿಡಿದರೆ ಅದು ಮಾಮೂಲಿ ಉಕ್ಕು.

ಕೆಲಸದ ಕ್ರಮ ತಪ್ಪಿದರೆ ಒಳ್ಳೆಯ ವಾಲ್ವೂ ಉಳಿಯದು. ಮೊದಲು ಗೈಡ್, ಆಮೇಲೆ ಸೀಟ್. ಗೈಡ್ ಬದಲಿಸಿದಾಗ ಅದರ ನಡುಗೆರೆ ಸ್ವಲ್ಪವಾದರೂ ಸರಿಯುವುದರಿಂದ ಹಳೆಯ ಸೀಟ್ ವಾಲ್ವಿಗೆ ನೇರ ಕೂರುವುದಿಲ್ಲ. ಹೊಸ ಗೈಡನ್ನು ರೀಮ್ ಮಾಡಿ, ಅದರೊಳಗೇ ಪೈಲಟ್ ಇಟ್ಟು ಸೀಟ್ ಕತ್ತರಿಸಬೇಕು. ಕಂಚಿನ ಗೈಡ್ ಕಾವನ್ನು ಬೇಗ ದಾಟಿಸುತ್ತದೆ, ಆದರೆ ಬೀಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬೀಡಿನ ಗೈಡಿನ ಅಳತೆಯನ್ನೇ ಇದಕ್ಕೂ ಬಳಸಿದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ.

ವಾಲ್ವಿನ ಕಾವು ಬಹುಪಾಲು ಸೀಟಿನ ಮೂಲಕವೇ ಹೆಡ್ಡಿಗೆ ಇಳಿಯುತ್ತದೆ. ತಾಗುವ ಪಟ್ಟಿ ತೀರಾ ಕಿರಿದಾದರೆ ಕಾವು ಇಳಿಯದೆ ಅಂಚು ಸುಡುತ್ತದೆ. ತೀರಾ ಅಗಲವಾದರೆ ಒತ್ತಡ ಹಂಚಿಹೋಗಿ ಮಸಿ ಕೂರುತ್ತದೆ. ನೀಲಿ ಬಣ್ಣ ಹಚ್ಚಿ ನೋಡಿದಾಗ ಪಟ್ಟಿ ಸುತ್ತಲೂ ಮುರಿಯದೆ ಮೂಡಬೇಕು. ನಂತರ ಪೋರ್ಟಿಗೆ ಸೀಮೆಎಣ್ಣೆ ಸುರಿದು ಸೋರಿಕೆ ಪರೀಕ್ಷಿಸಬಹುದು. ಸವೆದ ಸೀಟನ್ನು ಮತ್ತೆಮತ್ತೆ ಕತ್ತರಿಸಿದರೆ ವಾಲ್ವ್ ಹೆಡ್ಡಿನೊಳಕ್ಕೆ ಹುದುಗಿ ಕಂಪ್ರೆಶನ್ ಇಳಿಯುತ್ತದೆ. ಆಗ ಗಡಸು ಲೋಹದ ಹೊಸ ಇನ್‌ಸರ್ಟ್ ಕೂರಿಸುವುದೇ ದಾರಿ. ಹೆಡ್ ಫೇಸಿಂಗ್ ಮಾಡಿಸಿದರೆ ತೊಂದರೆ ಇದಕ್ಕೆ ತಿರುಗುಮುರುಗು: ವಾಲ್ವ್ ಪಿಸ್ಟನ್ನಿಗೆ ತೀರಾ ಸಮೀಪ ಬರುತ್ತದೆ. ಎರಡೂ ಕಡೆ ಆಳ ಅಳೆಯದೆ ಹೆಡ್ ಬಿಗಿಯಬಾರದು.

ಸ್ಪ್ರಿಂಗ್‌ಗಳನ್ನು ಮೂಲ ಬಲದವನ್ನೇ ಹೊಸದಾಗಿ ಹಾಕಬೇಕು. ಸೊರಗಿದ ಸ್ಪ್ರಿಂಗ್ ಇಳಿಜಾರಿನಲ್ಲಿ ಕೈಕೊಡುತ್ತದೆ: ಕೆಳಗಿನ ಗೇರಿನಲ್ಲಿ ಲಾರಿಯೇ ಎಂಜಿನ್ನನ್ನು ತಿರುಗಿಸುವಾಗ ಗವರ್ನರ್ ತಡೆಯಲಾರದು, ವಾಲ್ವ್ ಸಕಾಲಕ್ಕೆ ಮುಚ್ಚದೆ ಪಿಸ್ಟನ್ನಿಗೆ ಬಡಿದು ಪುಶ್‌ರಾಡ್ ಬಾಗುತ್ತದೆ. ಪುಶ್‌ರಾಡ್‌ಗಳನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದರೆ ಬಾಗು ಗೊತ್ತಾಗುತ್ತದೆ. ಟ್ಯಾಪೆಟ್‌ಗಳನ್ನು ಬಿಚ್ಚುವಾಗಲೇ ನಂಬರ್ ಹಾಕಿ, ಕ್ಯಾಮ್ ಹಳೆಯದಾದರೆ ಅದೇ ಜಾಗಕ್ಕೆ ಹಾಕಬೇಕು. ಹೊಸ ಕ್ಯಾಮ್ ಜೊತೆ ಹಳೆಯ ಟ್ಯಾಪೆಟ್ ಸಲ್ಲದು. ರಾಕರ್ ಬುಷ್ ಬದಲಿಸಿದಾಗ ಅದರ ಎಣ್ಣೆ ತೂತು ಶಾಫ್ಟಿನ ತೂತಿಗೆ ಸರಿಹೊಂದಿದೆಯೇ ನೋಡಬೇಕು.

ಕೊನೆಯದು ಟ್ಯಾಪೆಟ್ ಹೊಂದಿಸುವುದು. ಈ ವಂಶದ ಎಂಜಿನ್ ತಣ್ಣಗಿರುವಾಗ ಇನ್‌ಲೆಟ್‌ಗೆ 0.20, ಎಕ್ಸಾಸ್ಟಿಗೆ 0.30 ಮಿ.ಮೀ. ಸಂದು ರೂಢಿ, ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಅಂತಿಮ. ಫೈರಿಂಗ್ ಕ್ರಮ 1–5–3–6–2–4. ಆರನೆಯ ಸಿಲಿಂಡರಿನ ಎರಡೂ ವಾಲ್ವ್ ಒಟ್ಟಿಗೆ ಆಡುವಾಗ ಒಂದನೆಯದನ್ನು, ಎರಡನೆಯದು ಆಡುವಾಗ ಐದನೆಯದನ್ನು, ನಾಲ್ಕನೆಯದು ಆಡುವಾಗ ಮೂರನೆಯದನ್ನು ಹೊಂದಿಸಬೇಕು. ಉಳಿದ ಮೂರಕ್ಕೆ ಇದೇ ಜೋಡಿಗಳನ್ನು ತಿರುಗಿಸಿಕೊಂಡರಾಯಿತು. ರಾಕರಿನ ತುದಿಯಲ್ಲಿ ಗುಣಿ ಬಿದ್ದಿದ್ದರೆ ಫೀಲರ್ ಗೇಜ್ ಅದರ ಮೇಲೆ ಸೇತುವೆಯಂತೆ ನಿಂತು, ನಿಜವಾದ ಸಂದಿಗಿಂತ ಕಡಿಮೆ ತೋರಿಸುತ್ತದೆ. ಸದ್ದಾಗದಿರಲೆಂದು ಟ್ಯಾಪೆಟ್ ಬಿಗಿಯಾಗಿ ಇಡಬಾರದು: ಸದ್ದು ಮಾಡುವ ವಾಲ್ವ್ ಮುಚ್ಚುತ್ತಿರುತ್ತದೆ, ಬಿಗಿಯಾದದ್ದು ಪೂರ್ತಿ ಮುಚ್ಚದೆ ಸುಡುತ್ತದೆ. ಹೊಸ ಕ್ಯಾಮ್, ಟ್ಯಾಪೆಟ್ ಹಾಕಿದ ಎಂಜಿನ್ನನ್ನು ಮೊದಲ 20 ನಿಮಿಷ ಐಡ್ಲಿಂಗಿನಲ್ಲಿ ಬಿಡದೆ 1,500 ಸುತ್ತಿನ ಆಸುಪಾಸಿನಲ್ಲಿ ಓಡಿಸಿದರೆ ಎಣ್ಣೆ ಕ್ಯಾಮಿಗೆ ಚೆನ್ನಾಗಿ ಸಿಡಿಯುತ್ತದೆ. ಸ್ವಲ್ಪ ದಿನ ಓಡಿದ ಮೇಲೆ ಸೀಟ್ ಕುಳಿತು ಸಂದು ಕಡಿಮೆಯಾಗಿರುವುದರಿಂದ ಇನ್ನೊಮ್ಮೆ ಟ್ಯಾಪೆಟ್ ನೋಡಿದರೆ ಹೆಡ್ಡಿನ ಕೆಲಸ ಪೂರ್ಣವಾಗುತ್ತದೆ.