ಈಸ್ಟ್ರೊಜೆನ್ ಮತ್ತು ಸ್ತ್ರೀಯರ ಮಿದುಳು

ಹಾರ್ಮೋನುಗಳೆಂಬ ರಸಗಳು ನಮ್ಮ ದೇಹದ ದೂತರಿದ್ದಂತೆ. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದೊಡನೆ ಹರಿದು, ದೂರದ ಅಂಗಕ್ಕೆ ಸುದ್ದಿ ಮುಟ್ಟಿಸುವುದು ಇವುಗಳ ಕೆಲಸ. ಸ್ತ್ರೀಯರ ಅಂಡಾಶಯದಲ್ಲಿ ಮುಖ್ಯವಾಗಿ ಉತ್ಪತ್ತಿಯಾಗುವ ಈಸ್ಟ್ರೊಜೆನ್ ಅಂತಹ ಒಂದು ಹಾರ್ಮೋನು. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬ ವಿಜ್ಞಾನಿಗಳು ಇದರ ಇರವನ್ನು ತೋರಿಸಿಕೊಟ್ಟರು. 1929ರಲ್ಲಿ ಇದರ ಒಂದು ಬಗೆಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಇದು ಮುಟ್ಟು, ಬಸಿರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಬಹುಕಾಲ ತಿಳಿಯಲಾಗಿತ್ತು. ಮಿದುಳಿನ ರಕ್ಷಣೆಯಲ್ಲಿಯೂ ಇದಕ್ಕೆ ಪಾತ್ರವುಂಟೆಂಬುದು ಈಚಿನ ದಶಕಗಳ ಅರಿವು. ಆ ಅರಿವಿಗೆ ನಮ್ಮ ಕರ್ನಾಟಕದ ಪ್ರಯೋಗಶಾಲೆಗಳಲ್ಲಿ ದುಡಿದ ಮಹಿಳೆಯೊಬ್ಬರ ಕಾಣಿಕೆಯೂ ಇದೆ.

ಅವರೇ ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ, 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಇವರು 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿದರು. 1996ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ 2010ರಲ್ಲಿ ಪದ್ಮಶ್ರೀಯೂ ಇವರಿಗೆ ಸಂದವು. ಹರಿಯಾಣದ ಮಾನೇಸರಿನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಇವರ ಶೋಧನೆಯ ಒಂದು ಎಳೆ ಬೇಳೆಯಿಂದ ಮೊದಲಾಗುತ್ತದೆಂದರೆ ತೊಗರಿಯ ನಾಡಿನವರಾದ ನಮಗೆ ಕುತೂಹಲವಾಗದಿರದು. ಮಳೆ ಕೈಕೊಟ್ಟಾಗಲೂ ಬೆಳೆಯುವ ಕೇಸರಿ ಬೇಳೆ ಬರಗಾಲದಲ್ಲಿ ಬಡವರ ಆಹಾರ. ಆದರೆ ತಿಂಗಳುಗಟ್ಟಲೆ ಅದನ್ನೇ ಹೆಚ್ಚಾಗಿ ಉಂಡವರಲ್ಲಿ ಕೆಲವರ ಕಾಲುಗಳು ಸೆಟೆದು ನಿಲ್ಲುತ್ತವೆ, ಕೋಲಿಲ್ಲದೆ ನಡೆಯಲಾಗುವುದಿಲ್ಲ. ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರು. 1961ರಲ್ಲಿ ಈ ಬೇಳೆಯ ಮಾರಾಟಕ್ಕೆ ನಮ್ಮ ದೇಶದಲ್ಲಿ ನಿಷೇಧ ಬಂದುದು ಇದರಿಂದಲೇ. ಇಲ್ಲಿ ಒಂದು ವಿಚಿತ್ರವುಂಟು: ಮನೆಮಂದಿಯೆಲ್ಲ ಒಂದೇ ಬೇಳೆಯನ್ನು ಉಂಡರೂ ಕಾಲು ಕಳೆದುಕೊಳ್ಳುವವರಲ್ಲಿ ಗಂಡಸರೇ ಹೆಚ್ಚು.

ಇದೇಕೆ? ಡಾ. ರವೀಂದ್ರನಾಥ್ ಮತ್ತು ಅವರ ಸಂಗಡಿಗರು ಬೇಳೆಯಲ್ಲಿರುವ ವಿಷವನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ಬಹುತೇಕ ಜೀವಕೋಶಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಗಂಡು ಇಲಿಗಳ ನರಮಂಡಲದಲ್ಲಿ ಈ ಒಲೆಗಳ ಒಂದು ಮುಖ್ಯ ಭಾಗ ಕೆಟ್ಟುಹೋಯಿತು. ಹೆಣ್ಣು ಇಲಿಗಳಲ್ಲಿ ಕೆಡಲಿಲ್ಲ. ಆದರೆ ಅಂಡಾಶಯವನ್ನು ತೆಗೆದ ಹೆಣ್ಣು ಇಲಿಗಳಿಗೆ ಅದೇ ವಿಷವನ್ನು ಕೊಟ್ಟಾಗ ಅವೂ ಗಂಡು ಇಲಿಗಳಂತೆಯೇ ಪೆಟ್ಟು ತಿಂದವು. ಕಾಪಾಡುತ್ತಿದ್ದುದು ಅಂಡಾಶಯದ ರಸವೆಂದು ಇದರಿಂದ ತಿಳಿದುಬಂದಿತು.

ಆ ರಸದ ಕಾಪಾಡುವ ಬಗೆಯೂ ಬೆಳಕಿಗೆ ಬಂದಿತು. ಗ್ಲೂಟಾರೆಡಾಕ್ಸಿನ್ ಎಂಬ ಕಿಣ್ವವೊಂದು ವಿಷದಿಂದ ಕೆಟ್ಟ ಪ್ರೋಟೀನುಗಳನ್ನು ಮತ್ತೆ ಸರಿಪಡಿಸುತ್ತದೆ. ಕುಲುಮೆಯ ಬಳಿ ಕುಳಿತ ಕಮ್ಮಾರ ಸೊಟ್ಟಾದ ಕುಳವನ್ನು ನೇರಮಾಡುವ ಹಾಗೆ. ಹೆಣ್ಣು ಇಲಿಗಳ ಮಿದುಳಿನಲ್ಲಿ ಈ ಕಿಣ್ವ ಹೆಚ್ಚಾಗಿರುತ್ತದೆ. ಈಸ್ಟ್ರೊಜೆನ್ನಿನ ಕೆಲಸವನ್ನು ತಡೆಯುವ ಔಷಧಿಯನ್ನು ಕೊಟ್ಟರೆ ಕಿಣ್ವವೂ ಇಳಿಯುತ್ತದೆ, ರಕ್ಷಣೆಯೂ ತಪ್ಪುತ್ತದೆ. ಪಾರ್ಕಿನ್ಸನ್ ರೋಗದಂತಹ ನಡುಕವನ್ನು ತರುವ ಇನ್ನೊಂದು ವಿಷದ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳೂ ಹೆಣ್ಣು ಇಲಿಗಳಲ್ಲಿನ ಈ ಕಿಣ್ವದ ರಕ್ಷಣೆಯನ್ನೇ ತೋರಿಸಿದವು.

ಈಸ್ಟ್ರೊಜೆನ್ನಿನ ಎರಡನೆಯ ಕೆಲಸ ಉರಿಯೂತದ ಹತೋಟಿ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲುಗಾರ ಕೋಶಗಳಿವೆ. ರೋಗಾಣು ಹೊಕ್ಕಾಗ, ನರಕೋಶ ಸತ್ತಾಗ ಇವು ಎದ್ದು ಕಸವನ್ನು ನುಂಗಿ, ಉರಿಯೂತದ ರಸಗಳನ್ನು ಬಿಡುತ್ತವೆ. ಕೆಲಸ ಮುಗಿದ ಮೇಲೆ ಇವು ಶಾಂತವಾದರೆ ಒಳ್ಳೆಯದು. ಶಾಂತವಾಗದಿದ್ದರೆ ಕಾವಲುಗಾರನೇ ಮನೆಗೆ ಕಿಚ್ಚಿಟ್ಟಂತಾಗುತ್ತದೆ. ಆಲ್ಜೈಮರ್, ಪಾರ್ಕಿನ್ಸನ್ ರೋಗಗಳಲ್ಲಿ ಇಂತಹ ಆರದ ಉರಿ ಕಂಡುಬಂದಿದೆ. ಈ ಕೋಶಗಳನ್ನು ಈಸ್ಟ್ರೊಜೆನ್ ಹದ್ದಿನಲ್ಲಿಡುತ್ತದೆಂಬುದನ್ನು ನಾನಾ ದೇಶಗಳಲ್ಲಿ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ.

ಹಾಗಾದರೆ ಮುಟ್ಟು ನಿಂತ ಸ್ತ್ರೀಯರಿಗೆಲ್ಲ ಈಸ್ಟ್ರೊಜೆನ್ ಗುಳಿಗೆ ಕೊಟ್ಟರಾಯಿತಲ್ಲವೆ? ಅಮೆರಿಕದಲ್ಲಿ 50ರಿಂದ 79 ವರ್ಷದ ಸ್ತ್ರೀಯರ ಮೇಲೆ ದೊಡ್ಡ ಪರೀಕ್ಷೆಯೊಂದು ನಡೆಯಿತು. ಈಸ್ಟ್ರೊಜೆನ್ನಿನೊಡನೆ ಪ್ರೊಜೆಸ್ಟಿನ್ ಎಂಬ ಔಷಧಿಯನ್ನು ಸೇರಿಸಿ ಕೊಟ್ಟ ಭಾಗವನ್ನು, ಸ್ತನದ ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದವು ಹೆಚ್ಚಿದುದರಿಂದ, 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. 65 ದಾಟಿದವರಲ್ಲಿ ಮರೆವಿನ ರೋಗ ಸುಮಾರು ಇಮ್ಮಡಿಯಾದುದೂ 2003ರಲ್ಲಿ ಹೊರಬಿತ್ತು. ಮುಟ್ಟು ನಿಂತು ಬಹು ವರ್ಷಗಳಾದ ಮೇಲೆ ಕೊಡುವುದಕ್ಕೂ ನಿಲ್ಲುವ ಹೊತ್ತಿನಲ್ಲಿಯೇ ಕೊಡುವುದಕ್ಕೂ ವ್ಯತ್ಯಾಸವಿರಬಹುದೆಂಬ ವಾದವೊಂದಿದೆ. ಅದರ ಚರ್ಚೆ ಇನ್ನೂ ಮುಗಿದಿಲ್ಲ. ಇಲಿಯಲ್ಲಿ ನಿಜವಾದುದೆಲ್ಲ ಮನುಷ್ಯರಿಗೆ ಮದ್ದಾಗುವುದಿಲ್ಲ. ವೈದ್ಯರ ಸಲಹೆಯಿಲ್ಲದೆ ಯಾರೂ ಈ ಗುಳಿಗೆಗಳನ್ನು ನುಂಗಬಾರದು.

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ, ಅದರಲ್ಲೂ ಕಡಗಂಚಿ, ಆಳಂದದ ಕಡೆಯವರಿಗೆ, ಇದೆಲ್ಲ ಏಕೆ ಎಂದು ಮಿತ್ರರು ಕೇಳಬಹುದು. ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅಗತ್ಯವಿಲ್ಲದೆಯೇ ತೆಗೆಯಲಾಗಿದೆಯೆಂಬ ದೂರು 2015ರ ಸುಮಾರಿಗೆ ಎದ್ದಿತು. ಮಹಿಳಾ ಸಂಘಟನೆಗಳು ದನಿಯೆತ್ತಿದವು. ಸರ್ಕಾರದ ತನಿಖೆಯೂ ನಡೆಯಿತು. ಬೇರೆ ರಾಜ್ಯಗಳ ಇಂತಹುದೇ ದೂರುಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತು, ಅನಗತ್ಯ ಶಸ್ತ್ರಕ್ರಿಯೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಲು ರಾಜ್ಯಗಳಿಗೆ ಆದೇಶಿಸಿತು.

ಹೊಟ್ಟೆನೋವು, ಬಿಳಿಸೆರಗು ಎಂದು ಹೋದವಳಿಗೆ “ಮಕ್ಕಳಾದವಲ್ಲ, ಚೀಲ ಇನ್ನೇಕೆ?” ಎಂದುಬಿಡುವುದು ಸುಲಭ. ಗರ್ಭಕೋಶವೊಂದನ್ನೇ ತೆಗೆದರೆ ಈಸ್ಟ್ರೊಜೆನ್ ಒಮ್ಮೆಗೇ ನಿಲ್ಲುವುದಿಲ್ಲ, ನಿಜ. ಆದರೆ ಎಷ್ಟೋ ವೇಳೆ ಅಂಡಾಶಯಗಳನ್ನೂ ಜೊತೆಗೇ ತೆಗೆಯುತ್ತಾರೆ. ಉಳಿಸಿದರೂ ಅವು ಬೇಗನೆ ಸೋಲುವುದುಂಟು. ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯಗಳನ್ನು ಕಳೆದುಕೊಂಡವರಲ್ಲಿ ಮುಂದೆ ಮರೆವಿನ ರೋಗ, ನಡುಕದ ರೋಗಗಳ ಅಪಾಯ ಹೆಚ್ಚೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ಇಲಿಯಿಂದ ಕಲಿತ ಪಾಠವನ್ನು ತಾಂಡಾದ ತಾಯಿಯ ಮೇಲೆ ಮತ್ತೆ ಕಲಿಯಬೇಕೆ?

ಡಾ. ರವೀಂದ್ರನಾಥ್ ಅವರು ಸ್ಥಾಪಕ ನಿರ್ದೇಶಕರಾಗಿದ್ದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷವರ್ಷವೂ ಪರೀಕ್ಷಿಸುವ ಗುರಿಯಿಂದ ಅಧ್ಯಯನವೊಂದನ್ನು ಕೈಗೊಂಡಿದೆ. ನಮ್ಮ ಹಳ್ಳಿಯವರ ಮಿದುಳು ಮುಪ್ಪಾಗುವ ಬಗೆಯನ್ನು ಹೊರದೇಶದವರ ಲೆಕ್ಕದಿಂದ ಅಳೆಯುವ ಕಾಲ ಹೀಗೆ ಹಿಂದೆ ಸರಿಯುತ್ತಿದೆ. ನಮ್ಮ ಪಾಲಿಗೆ ಉಳಿದಿರುವುದು ಚಿಕ್ಕ ಕೆಲಸ: ಅಂಡಾಶಯವು ಹೆರಿಗೆ ಮುಗಿದ ಮೇಲೆ ಎಸೆಯುವ ಚೀಲವಲ್ಲ, ಮಿದುಳಿನ ರಕ್ಷಕನೂ ಹೌದು ಎಂಬುದನ್ನು ನಮ್ಮ ಮನೆಗಳಲ್ಲಿ ತಿಳಿಸಿ ಹೇಳುವುದು, ಶಸ್ತ್ರಕ್ರಿಯೆಯ ಮಾತು ಬಂದಾಗ ಇನ್ನೊಬ್ಬ ವೈದ್ಯರನ್ನೂ ಕೇಳೋಣವೆಂದು ಅವ್ವನಿಗೆ, ಅಕ್ಕನಿಗೆ ಧೈರ್ಯ ಹೇಳುವುದು. ಅಕ್ಷರ ಕಲಿತವರು ಇಷ್ಟನ್ನಾದರೂ ಮಾಡಬೇಕು.